ವೇಲ್ಸಿನ ಕರಡಿಮರಿ ಮತ್ತು ನಮ್ಮ ಡಬ್ಬಿಂಗ್ ಜಗಳ

ನವೆಂಬರ್ 1 ನಮಗೆ ರಾಜ್ಯೋತ್ಸವ. ವೇಲ್ಸಿನವರಿಗೂ ಅದು ಭಾಷೆಯ ಲೆಕ್ಕದಲ್ಲಿ ದೊಡ್ಡ ದಿನವೇ. 1982ರ ನವೆಂಬರ್ 1ರ ಸೋಮವಾರ ಸಂಜೆ ವೆಲ್ಷ್ ಭಾಷೆಗೆಂದೇ ಒಂದು ಟೀವಿ ಚಾನೆಲ್ ಶುರುವಾಯಿತು. ಹೆಸರು ಎಸ್‌ಫೋರ್‌ಸಿ. ಉದ್ಘಾಟನೆಯ ಮಾತುಕತೆ ಮುಗಿದ ಬೆನ್ನಿಗೇ ಪರದೆಗೆ ಬಂದದ್ದು ಒಂದು ಕರಡಿ ಬೊಂಬೆ. ಕೆಂಪು ದಿರಿಸು, ಬೆನ್ನಿಗೆ ಕೇಪು, ಕಾಲಿಗೆ ರಾಕೆಟ್ ಬೂಟು. ಸೂಪರ್‌ಟೆಡ್ ಎಂಬ ಈ ಕರಡಿಮರಿ ಮನೆಮಂದಿಯನ್ನೆಲ್ಲ ನಗಿಸುತ್ತ ಲೋಕ ಕಾಯುವ ಸೂಪರ್‌ಹೀರೋ. ಅವನು ಮೊದಲು ಬಾಯಿಬಿಟ್ಟದ್ದು ವೆಲ್ಷ್‌ನಲ್ಲಿ. ಅವನ ಇಂಗ್ಲಿಷ್ ಮಾತು ಬಿಬಿಸಿಯಲ್ಲಿ ಕೇಳಿಸಿದ್ದು ಮರುವರ್ಷ, 1983ರ ಅಕ್ಟೋಬರಿನಲ್ಲಿ.

ನಾನು ಕಾರ್ಟೂನ್‌ಗಳಿಗೆ ಕನ್ನಡ ಮಾತು ಬರೆಯುವವಳು. ಹೊಟ್ಟೆಪಾಡು ಅದೇ. ಪೈಲಟ್ ಟ್ರ್ಯಾಕ್, ಅಂದರೆ ಮೂಲ ಮಾತಿನ ಧ್ವನಿ, ಕಿವಿಗೆ ಹಾಕಿಕೊಂಡು, ಪರದೆಯ ಮೇಲಿನ ಬಾಯಿ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸುತ್ತ ಕೂರುವುದು ನನ್ನ ದಿನಚರಿ. ನನ್ನ ಕೈಗೆ ಬರುವ ಚಿತ್ರವೆಲ್ಲ ಈಗಾಗಲೇ ಇಂಗ್ಲಿಷ್, ಜಪಾನಿ ಅಥವಾ ಹಿಂದಿಯಲ್ಲಿ ಮಾತಾಡಿ ಮುಗಿಸಿದ್ದು. ಕನ್ನಡ ಸರದಿಯಲ್ಲಿ ಕೊನೆಗೆ ನಿಂತಿರುತ್ತದೆ. ಹಾಗಾಗಿ ಒಂದು ಚಿಕ್ಕ ಭಾಷೆ ಸರದಿಯ ಮೊದಲಿಗೆ ನಿಂತಿತ್ತು, ಇಂಗ್ಲಿಷ್ ಅದರ ಹಿಂದೆ ಕಾದಿತ್ತು ಎಂದರೆ ಅದು ಹೇಗಾಯಿತೆಂದು ನನಗೆ ತಿಳಿಯಲೇಬೇಕಾಗಿತ್ತು.

ಚಿಕ್ಕ ಭಾಷೆ ಎಂದೆ. 1981ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ, ವೇಲ್ಸಿನ ಜನರಲ್ಲಿ ಶೇಕಡಾ 19. ನಮ್ಮ ಸಾಧಾರಣ ಜಿಲ್ಲೆಯೊಂದರ ಅರ್ಧದಷ್ಟೂ ಅಲ್ಲ. 1911ರಲ್ಲಿ ಇದೇ ಪ್ರಮಾಣ ಶೇಕಡಾ 43ಕ್ಕಿಂತ ಹೆಚ್ಚಿತ್ತು. 1962ರ ಫೆಬ್ರವರಿಯಲ್ಲಿ ಸಾಹಿತಿ ಸಾಂಡರ್ಸ್ ಲೂಯಿಸ್ ರೇಡಿಯೋ ಉಪನ್ಯಾಸವೊಂದರಲ್ಲಿ, ಹೀಗೇ ಬಿಟ್ಟರೆ ಭಾಷೆ ಸಾಯುತ್ತದೆ ಎಂದು ಎಚ್ಚರಿಸಿದರು. ಅದೇ ವರ್ಷ ಹುಡುಗರು ಸೇರಿ ವೆಲ್ಷ್ ಭಾಷಾ ಸಂಘ ಕಟ್ಟಿದರು. ರಸ್ತೆಯ ಬೋರ್ಡು, ಕೋರ್ಟಿನ ಸಮನ್ಸು, ಅಂಚೆ ಕಚೇರಿಯ ಫಾರಮ್ಮು ಹೀಗೆ ಒಂದೊಂದಕ್ಕೂ ಜಗಳವಾಡುತ್ತ ಅವರು ಟೀವಿಯ ಬಾಗಿಲಿಗೆ ಬಂದರು. ಅಲ್ಲಿಯತನಕ ವೆಲ್ಷ್ ಕಾರ್ಯಕ್ರಮಗಳನ್ನು ಇಂಗ್ಲಿಷಿನ ನಡುವೆ ಅಲ್ಲಲ್ಲಿ ತುರುಕುತ್ತಿದ್ದರು. ವೆಲ್ಷ್ ಬಾರದವರು ನಮ್ಮ ಧಾರಾವಾಹಿ ತಪ್ಪಿತು ಎಂದು ಗೊಣಗುವರು, ಬಲ್ಲವರು ಸಿಕ್ಕಿದ್ದು ಸಾಲದು ಎಂದು ಗೊಣಗುವರು.

1979ರ ಚುನಾವಣೆಗೆ ಮುಂಚೆ ಕನ್ಸರ್ವೇಟಿವ್ ಪಕ್ಷ ವೆಲ್ಷ್ ಚಾನೆಲ್ ಕೊಡುತ್ತೇವೆಂದು ಮಾತು ಕೊಟ್ಟಿತು. ಗೆದ್ದು ಗದ್ದುಗೆ ಏರಿದ ಕೆಲವೇ ತಿಂಗಳಲ್ಲಿ ಗೃಹಮಂತ್ರಿ ವಿಲಿಯಂ ವೈಟ್‌ಲಾ ಆ ಮಾತಿಗೆ ಎಳ್ಳುನೀರು ಬಿಟ್ಟರು. ಆಮೇಲೆ ನಡೆದದ್ದು ದೊಡ್ಡ ಚಳವಳಿ. ಎರಡು ಸಾವಿರದಷ್ಟು ಜನ ಟೀವಿ ಲೈಸೆನ್ಸಿನ ಹಣ ಕಟ್ಟುವುದಿಲ್ಲವೆಂದು ಹಟ ಹಿಡಿದರು. 1979ರ ಅಕ್ಟೋಬರಿನಲ್ಲಿ ಮೂವರು ಗಣ್ಯ ವಿದ್ವಾಂಸರು, ಪೆನ್ನಾರ್ ಡೇವಿಸ್, ಮೆರೆಡಿದ್ ಇವಾನ್ಸ್, ನೆಡ್ ಥಾಮಸ್, ಪೆನ್‌ಕಾರೆಗ್‌ನ ಪ್ರಸಾರ ಕೇಂದ್ರಕ್ಕೆ ನುಗ್ಗಿ ಸ್ವಿಚ್ಚನ್ನೇ ಆರಿಸಿದರು. ಕೋರ್ಟು ಅವರಿಗೆ ದಂಡ ವಿಧಿಸಿತು. 1980ರ ಮೇ ತಿಂಗಳಲ್ಲಿ ವೆಲ್ಷ್ ರಾಷ್ಟ್ರೀಯವಾದಿಗಳ ಪ್ಲೈಡ್ ಕಮ್ರಿ ಪಕ್ಷದ ಹಿರಿಯ ಗ್ವಿನ್‌ಫೋರ್ ಇವಾನ್ಸ್, ಚಾನೆಲ್ ಕೊಡದಿದ್ದರೆ ಅಕ್ಟೋಬರ್ 6ರಿಂದ ಆಮರಣಾಂತ ಉಪವಾಸ ಕೂರುತ್ತೇನೆ ಎಂದು ಘೋಷಿಸಿದರು. ಗಾಂಧಿಯನ್ನು ಬಹಳವಾಗಿ ಮೆಚ್ಚಿಕೊಂಡಿದ್ದ ಶಾಂತಿವಾದಿ ಅವರು. ಈ ಮನುಷ್ಯ ಹೇಳಿದಂತೆ ಮಾಡುವವನು ಎಂಬುದು ಲಂಡನ್ನಿಗೆ ಗೊತ್ತಿತ್ತು. ಸೆಪ್ಟೆಂಬರ್ 17ಕ್ಕೆ ಥ್ಯಾಚರ್ ಸರ್ಕಾರ ಹಿಂದೆ ಸರಿಯಿತು.

ಚಾನೆಲ್ ಸಿಕ್ಕಿತು. ಆದರೆ ವಾರಕ್ಕೆ 22 ಗಂಟೆಯಷ್ಟು ವೆಲ್ಷ್ ಕಾರ್ಯಕ್ರಮ ತುಂಬಿಸುವುದು ಹೇಗೆ? ಕಾನೂನಿನ ಪ್ರಕಾರ ಬಿಬಿಸಿ 10 ಗಂಟೆ ಕೊಡಬೇಕಾಗಿತ್ತು. ಉಳಿದದ್ದು ಖಾಸಗಿ ಕಂಪನಿಗಳಿಂದ ಬರಬೇಕು, ಇಲ್ಲವೇ ಹೊಸಬರಿಂದ ಮಾಡಿಸಬೇಕು. ಮಕ್ಕಳಿಗೆ ಕಾರ್ಟೂನ್ ಬೇಕೇ ಬೇಕು. ಅಮೆರಿಕದಿಂದ ತರಿಸಿ ವೆಲ್ಷ್ ಮಾತು ಅಂಟಿಸಿದ್ದರೆ ಅಗ್ಗದಲ್ಲಿ ಕೆಲಸ ಮುಗಿಯುತ್ತಿತ್ತು. ಎಸ್‌ಫೋರ್‌ಸಿ ಹಾಗೆ ಮಾಡದೆ, ತಾನೇ ದುಡ್ಡು ಹಾಕಿ ಮಾಡಿಸಲು ಹೊರಟಿತು. ಆಗ ಅದರ ಕಣ್ಣಿಗೆ ಬಿದ್ದವರು ಮೈಕ್ ಯಂಗ್.

ಯಂಗ್ 1978ರ ಹೊತ್ತಿಗೆ ಮನೆಯ ಹುಡುಗನಿಗೆ ಕತ್ತಲೆಯ ಭಯ ಬಿಡಿಸಲು ಒಂದು ಕರಡಿಯ ಕತೆ ಕಟ್ಟಿದ್ದರು. ಮೊದಲು ಅದು ಕತ್ತಲೆಗೆ ಹೆದರುವ ಕಾಡುಕರಡಿ. ಬದಲಾಯಿಸುತ್ತ ಬದಲಾಯಿಸುತ್ತ ಅದು ಬೊಂಬೆ ಕರಡಿಯಾಯಿತು, ಪುಸ್ತಕವಾಯಿತು. ಫಿಲಿಪ್ ವಾಟ್ಕಿನ್ಸ್ ಚಿತ್ರ ಬರೆದ ಈ ಪುಸ್ತಕಗಳು ಒಂದಾದ ಮೇಲೊಂದು ಬಂದು ನೂರನ್ನು ದಾಟಿದವು. ಟೀವಿಗೆ ಕೊಡಿ ಎಂದು ಎಸ್‌ಫೋರ್‌ಸಿ ಕೇಳಿದಾಗ ಯಂಗ್ ಹಕ್ಕು ಮಾರಿ ಕೈ ತೊಳೆದುಕೊಳ್ಳಲಿಲ್ಲ. ಕಾರ್ಡಿಫ್‌ನಲ್ಲಿ ಸಿರಿಯೋಲ್ ಎಂಬ ಸ್ಟುಡಿಯೋ ತೆರೆದು ತಾವೇ ಮಾಡಲು ಕೂತರು. ಡೇವ್ ಎಡ್ವರ್ಡ್ಸ್ ಚಿತ್ರ ನೋಡಿಕೊಂಡರು, ರಾಬಿನ್ ಲಯನ್ಸ್ ಕತೆ, ಮಾತು ಬರೆದರು. ಕೆಲಸ ವೇಲ್ಸಿನಲ್ಲೇ ಆಗಬೇಕು, ಊರಿನ ಹುಡುಗರಿಗೆ ಸಂಬಳ ಸಿಗಬೇಕು ಎಂಬುದು ಯಂಗ್ ಅವರ ಪಟ್ಟು. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು.

ಆ ಕೆಲಸದ ಭಾರ ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ. ಬ್ರಿಟನ್ನಿನ ಟೀವಿಯಲ್ಲಿ ಸೆಕೆಂಡಿಗೆ 25 ಫ್ರೇಮು. ಹತ್ತು ನಿಮಿಷದ ಒಂದು ಕಂತಿಗೆ 15,000. ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದಿಟ್ಟರೂ ಏಳೂವರೆ ಸಾವಿರ ಬೇಕು. ಪಾತ್ರ ಅಲುಗಾಡದ ಕಡೆ ಹಳೆಯ ಹಾಳೆಯನ್ನೇ ಮತ್ತೆ ಬಳಸಿ ಒಂದಿಷ್ಟು ಉಳಿಸಬಹುದು, ಅಷ್ಟೇ. ಪೆನ್ಸಿಲಿನಲ್ಲಿ ಬರೆದದ್ದನ್ನು ಪಾರದರ್ಶಕ ಹಾಳೆಗೆ ಇಳಿಸಿ, ಗೆರೆ ಮುಂದುಗಡೆ, ಬಣ್ಣ ಹಿಂದುಗಡೆ ಬಳಿದು, ಹಿನ್ನೆಲೆಯ ಮೇಲಿಟ್ಟು ಒಂದೊಂದಾಗಿ ಕ್ಯಾಮೆರಾದಲ್ಲಿ ಹಿಡಿಯಬೇಕು. 1982ರಿಂದ 1986ರವರೆಗೆ ಇಂಥ 36 ಕಂತು ಹೊರಬಂದವು.

ಇನ್ನು ಕತೆ. ಕಾರ್ಖಾನೆಯಲ್ಲಿ ತಯಾರಾದ ಕರಡಿ ಬೊಂಬೆಯೊಂದರಲ್ಲಿ ಏನೋ ಐಬು ಕಾಣುತ್ತದೆ. ಕತ್ತಲೆ ಕೋಣೆಗೆ ಎಸೆಯುತ್ತಾರೆ. ಸ್ಪಾಟ್ ಎಂಬ ಗ್ರಹದಿಂದ ಬಂದವನೊಬ್ಬ ಅದರ ಮೇಲೆ ಮಾಯದ ಪುಡಿ ಉದುರಿಸಿ ಜೀವ ಕೊಡುತ್ತಾನೆ. ಪ್ರಕೃತಿಮಾತೆ ಶಕ್ತಿಯನ್ನೂ ಒಂದು ಗುಟ್ಟಿನ ಮಂತ್ರವನ್ನೂ ಕೊಡುತ್ತಾಳೆ. ಮಂತ್ರವನ್ನು ಕರಡಿ ಪಿಸುಗುಟ್ಟುತ್ತದೆ, ನೋಡುವವರಿಗೆ ಕೇಳಿಸುವುದಿಲ್ಲ. ಕೊನೆಯ ಕಂತಿನವರೆಗೂ ಆ ಗುಟ್ಟು ಬಿಟ್ಟುಕೊಡಲಿಲ್ಲ. ಮಂತ್ರ ಹೇಳಿದ ಕೂಡಲೇ ಕರಡಿ ತನ್ನ ಕಂದು ಚರ್ಮವನ್ನೇ ಕೋಟಿನ ಹಾಗೆ ಕಳಚುತ್ತದೆ, ಒಳಗೆ ಕೆಂಪು ದಿರಿಸು. ನೋಡಿದರೆ ನಗು ಬರುತ್ತದೆ, ಸ್ವಲ್ಪ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಮಕ್ಕಳು ಇಂಥದ್ದನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತಾರೆ.

ನಗು ಹುಟ್ಟುವುದು ಜೊತೆಗಾರರಿಂದ. ಜೀವ ಕೊಟ್ಟ ಗೆಳೆಯ ಸ್ಪಾಟಿ, ವೆಲ್ಷ್‌ನಲ್ಲಿ ಸ್ಮೋಟಿನ್, ಹಳದಿ ಮೈಗೆ ಹಸಿರು ಚುಕ್ಕೆಯವನು. ಅವನಿಗೆ ಎಲ್ಲದರಲ್ಲೂ ಅನುಮಾನ. ಕರಡಿ ಹೊರಡೋಣ ಎಂದರೆ ಇವನು ರಾಗ ಎಳೆಯುತ್ತಾನೆ, ಚುಕ್ಕೆ ಇಲ್ಲದ ವಸ್ತು ಕಂಡರೆ ಮೂಗು ಮುರಿಯುತ್ತಾನೆ. ಎದುರಾಳಿಗಳು ಮೂವರು. ದುಡ್ಡಿನಾಸೆಯ ಕೌಬಾಯ್ ಟೆಕ್ಸಸ್ ಪೀಟ್ ದೊಡ್ಡ ದೊಡ್ಡ ಹೂಟ ಹೂಡುತ್ತಾನೆ. ಬಲ್ಕ್ ಎಂಬ ದಢಿಯ ಅದನ್ನು ಕೆಡಿಸುತ್ತಾನೆ. ಸ್ಕೆಲಿಟನ್ ಎಂಬ ನಯನಾಜೂಕಿನ ಎಲುಬುಗೂಡು ಚೂರು ತಾಗಿದರೂ ಬಿದ್ದು ಬಿಡಿಬಿಡಿಯಾಗಿ, ಗೊಣಗುತ್ತ ತನ್ನನ್ನು ತಾನೇ ಜೋಡಿಸಿಕೊಳ್ಳುತ್ತದೆ. ಇಂಕಾ ನಿಧಿ, ಮುತ್ತು ಹೆಕ್ಕುವವರ ದ್ವೀಪ, ಆನೆಗಳ ಸ್ಮಶಾನ ಹೀಗೆ ಕತೆ ಎಲ್ಲಿಗೆ ಹೋದರೂ ಈ ಮೂವರು ತಾವು ತೋಡಿದ ಗುಂಡಿಗೆ ತಾವೇ ಬೀಳುತ್ತಾರೆ. ಹೊಡೆದಾಟ ಬಹಳ ಕಡಿಮೆ. ಅದು ಯಂಗ್ ಹಾಕಿಕೊಂಡ ನಿಯಮವೇ. ಕರಡಿ ಮಾಡುವುದು ಹೆಚ್ಚಾಗಿ ಬಿಡಿಸುವ, ಹಾರಿಸಿಕೊಂಡು ಹೋಗುವ, ಸಿಕ್ಕಿಬಿದ್ದವರನ್ನು ಎತ್ತುವ ಕೆಲಸ. ಆಮೇಲೆ ಮಕ್ಕಳಿಗೆ ರಸ್ತೆ ದಾಟುವ ಪಾಠ ಹೇಳುವ ಚಿತ್ರಕ್ಕೂ ಇವನನ್ನೇ ಕರೆದರು.

ನಗಿಸುವ ಸೂಪರ್‌ಹೀರೋ ಆಗ ಹೊಸಬನೇನಲ್ಲ. ಅಮೆರಿಕದ ಟೆರಿಟೂನ್ಸ್ ಸ್ಟುಡಿಯೋ 1942ರಲ್ಲೇ ಹಾರುವ ಇಲಿಯೊಂದನ್ನು ಬಿಟ್ಟಿತ್ತು, ಅದೇ ಮುಂದೆ ಮೈಟಿ ಮೌಸ್ ಆಯಿತು. 1964ರಲ್ಲಿ ಬಂದ ಅಂಡರ್‌ಡಾಗ್ ಎಂಬ ನಾಯಿ ಹುಟ್ಟಿದ್ದು ಜನರಲ್ ಮಿಲ್ಸ್ ಕಂಪನಿಯ ಬೆಳಗಿನ ಸೀರಿಯಲ್ ತಿಂಡಿಯನ್ನು ಮಕ್ಕಳಿಗೆ ಮಾರಲು. ಅದನ್ನು ಸೃಷ್ಟಿಸಿದವರು ಜಾಹೀರಾತಿನ ಕಸುಬಿನವರು. 1981ರಲ್ಲಿ ಮ್ಯಾಂಚೆಸ್ಟರಿನಿಂದ ಡೇಂಜರ್ ಮೌಸ್ ಬಂದ. ಎಲ್ಲರದೂ ಒಂದೇ ಜಾಡು: ಬಲಶಾಲಿಯ ವೇಷವನ್ನು ಬಡಪಾಯಿಗೆ ತೊಡಿಸುವುದು. ಸೂಪರ್‌ಟೆಡ್ ಕೂಡ ಆ ಸಾಲಿನವನೇ. ವ್ಯತ್ಯಾಸ ಇರುವುದು ಅವನನ್ನು ಸಾಕಿದ ಹಣದಲ್ಲಿ. ಅಂಡರ್‌ಡಾಗ್‌ನ ಹಿಂದೆ ತಿಂಡಿಯ ಡಬ್ಬಿ ಇತ್ತು, ಸೂಪರ್‌ಟೆಡ್‌ನ ಹಿಂದೆ ಒಂದು ಭಾಷಾ ಚಳವಳಿ ಇತ್ತು.

ಮಾತಿನ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಸುಬು. ಒಂದೇ ಚಿತ್ರಕ್ಕೆ ಎರಡು ಧ್ವನಿಪಟ್ಟಿ, ಎರಡು ಬೇರೆ ತಂಡ. ವೆಲ್ಷ್‌ನಲ್ಲಿ ಕರಡಿಗೆ ದನಿ ಕೊಟ್ಟದ್ದು ಗೆರೆಂಟ್ ಜಾರ್ಮನ್. ಕವಿ, ವೆಲ್ಷ್‌ನಲ್ಲಿ ರೆಗೇ ಹಾಡಿ ಹೆಸರಾದ ಗಾಯಕ. ಇಂಗ್ಲಿಷಿನಲ್ಲಿ ಡೆರೆಕ್ ಗ್ರಿಫಿತ್ಸ್. ಸ್ಪಾಟಿಗೆ ಡಾಕ್ಟರ್ ಹೂ ಎಂಬ ಟೀವಿ ಸರಣಿಯ ನಾಯಕನಾಗಿದ್ದ ಜಾನ್ ಪರ್ಟ್ವಿ, ಟೆಕ್ಸಸ್ ಪೀಟ್‌ಗೆ ಬೀಟಲ್ಸ್ ಸಿನಿಮಾಗಳಲ್ಲಿ ಕಾಣಿಸಿಕೊಂಡ ವೇಲ್ಸಿನವರೇ ಆದ ವಿಕ್ಟರ್ ಸ್ಪಿನೆಟ್ಟಿ. ಎರಡರಲ್ಲೂ ಸಿಕ್ಕಿದವರನ್ನು ಕೂರಿಸಿ ಮುಗಿಸಿದ ಕೆಲಸವಲ್ಲ.

ನಟರ ಮುಖಕ್ಕೆ ಬೇರೆ ಭಾಷೆಯ ಮಾತು ಕೂರಿಸುವುದು ಪಡಿಪಾಟಲು. ಪ, ಬ, ಮ ಬಂದ ಕಡೆ ತುಟಿ ಮುಚ್ಚಲೇಬೇಕು. ಪರದೆಯ ಮೇಲಿನವರು ತುಟಿ ತೆರೆದಿದ್ದರೆ ನಮ್ಮ ಮಾತು ಸುಳ್ಳು ಎಂದು ಮಗುವಿಗೂ ಗೊತ್ತಾಗುತ್ತದೆ. ಆದರೆ ಕಾರ್ಟೂನಿನ ಬಾಯಿಗೆ ಇರುವುದು ಏಳೆಂಟು ಆಕಾರ ಮಾತ್ರ. ತೆರೆದಾಗ ಶಬ್ದ ಬಂದು, ಮುಚ್ಚಿದಾಗ ನಿಂತರೆ ಕಣ್ಣು ಒಪ್ಪಿಕೊಳ್ಳುತ್ತದೆ. ದಢಿಯ ಖಳನೊಬ್ಬ ಮೆಟ್ಟಿಲಿಂದ ಉರುಳುವ ಎರಡು ಸೆಕೆಂಡಿನಲ್ಲಿ ಅವನ ಬಾಯಿ ಒಂದೇ ಗುಂಡಗಿನ ತೂತು. ಅಲ್ಲಿ ಮೂಲದಲ್ಲಿ ಬರೀ ಕೂಗಿದ್ದರೂ ನಾನು "ಹೋದೆನೋ ಶಿವನೇ" ಎಂದು ಎಳೆದು ಹಾಕಬಲ್ಲೆ. ಕೇಳಿದವರೆಲ್ಲ ನಗುತ್ತಾರೆ. ಈ ಸಲುಗೆಯೇ ಎಸ್‌ಫೋರ್‌ಸಿಯ ಬಂಡವಾಳವಾಯಿತು. ಅನಿಮೇಷನ್ ವಿಭಾಗವನ್ನು ಕಟ್ಟಿದ ಕ್ರಿಸ್ ಗ್ರೇಸ್ ಅವರಿಗೆ ಈ ಲೆಕ್ಕ ಸ್ಪಷ್ಟವಿತ್ತು. ಐದು ಲಕ್ಷ ಜನರ ಭಾಷೆಯಲ್ಲಿ ಮಾಡಿದ ನಾಟಕವನ್ನು ಹೊರಗೆ ಮಾರುವುದು ಕಷ್ಟ, ಕಾರ್ಟೂನನ್ನು ಯಾವ ದೇಶಕ್ಕಾದರೂ ಮಾರಬಹುದು. ಮನೆಯ ಮಕ್ಕಳಿಗೆ ಮೊದಲು, ಲೋಕಕ್ಕೆ ಆಮೇಲೆ, ಖರ್ಚು ಹುಟ್ಟಿಕೊಳ್ಳುತ್ತದೆ.

ಹುಟ್ಟಿಯೂ ಹುಟ್ಟಿತು. 1980ರ ದಶಕದ ನಡುವಿನಲ್ಲಿ ಅಮೆರಿಕದ ಡಿಸ್ನಿ ಚಾನೆಲ್ ಸೂಪರ್‌ಟೆಡ್ ಅನ್ನು ಕೊಂಡಿತು. ಕಾರ್ಡಿಫ್ ಸಿಟಿ ಫುಟ್‌ಬಾಲ್ ತಂಡದ ಅಂಗಿಯ ಎದೆಯ ಮೇಲೂ ಅವನ ಹೆಸರು ಮೆರೆಯಿತು. ಸಿರಿಯೋಲ್ ಸ್ಟುಡಿಯೋ ಹಳೆಯ ವೆಲ್ಷ್ ಮಕ್ಕಳ ಪುಸ್ತಕದ ಪೋಲಿ ಬಾತುಕೋಳಿ ವಿಲ್ ಕ್ವಾಕ್ ಕ್ವಾಕ್‌ನನ್ನೂ ಪರದೆಗೆ ತಂದಿತು. 1987ರಲ್ಲಿ ಎಸ್‌ಫೋರ್‌ಸಿಯ ಬೆಂಬಲದಿಂದ ಫೈರ್‌ಮನ್ ಸ್ಯಾಮ್ ಬಂದ, ನಮ್ಮ ಮಕ್ಕಳೂ ಬಲ್ಲ ಅಗ್ನಿಶಾಮಕ ಮಾಮ. ಅವನ ಊರೂ ವೇಲ್ಸಿನ ಗುಡ್ಡದ ಊರೇ. 1992ರಲ್ಲಿ ಇದೇ ಚಾನೆಲ್ ಮಾಸ್ಕೋದ ಸೋಯುಜ್‌ಮಲ್ಟ್‌ಫಿಲ್ಮ್ ಸ್ಟುಡಿಯೋದ ಕಲಾವಿದರ ಜೊತೆ ಸೇರಿ ಶೇಕ್ಸ್‌ಪಿಯರನ ನಾಟಕಗಳನ್ನು ಅನಿಮೇಷನ್ ಮಾಡಿಸಿತು. ಹತ್ತು ವರ್ಷದಲ್ಲಿ ಕಾರ್ಡಿಫ್ ಅನಿಮೇಷನ್ನಿನ ಊರೆಂದು ಹೆಸರಾಯಿತು.

ಎಲ್ಲ ಸುಖಾಂತವಲ್ಲ. ಯಂಗ್ ಅಮೆರಿಕಕ್ಕೆ ಹೋದರು. 1989ರಲ್ಲಿ ಸೂಪರ್‌ಟೆಡ್‌ನ ಎರಡನೇ ಸರಣಿಯನ್ನು 13 ಕಂತುಗಳಲ್ಲಿ ಮಾಡಿದ್ದು ಅಲ್ಲಿನ ಹ್ಯಾನಾ ಬಾರ್ಬೆರಾ ಕಂಪನಿ. ಕರಡಿಗೆ ಅಮೆರಿಕದ ದನಿ ಬಂತು. ಬಿಬಿಸಿ ಅದನ್ನು ಹಾಗೇ ಹಾಕಲು ಒಪ್ಪದೆ ಗ್ರಿಫಿತ್ಸ್, ಪರ್ಟ್ವಿ ಅವರನ್ನು ಕರೆಸಿ ಮತ್ತೆ ಮಾತಾಡಿಸಿತು. ಇಂಗ್ಲಿಷ್ ಚಿತ್ರಕ್ಕೆ ಇಂಗ್ಲಿಷಿನಲ್ಲೇ ಡಬ್ಬಿಂಗ್! ತಮ್ಮ ಮಕ್ಕಳ ಕಿವಿಗೆ ಯಾವ ದನಿ ಬೀಳಬೇಕೆಂಬ ಹಟ ದೊಡ್ಡ ಭಾಷೆಯವರಿಗೂ ಇರುತ್ತದೆ, ನಮ್ಮಂಥವರಿಗೆ ಮಾತ್ರವಲ್ಲ. ಕರಡಿಯಿಂದ ಭಾಷೆ ಉಳಿದುಬಿಟ್ಟಿತು ಎಂದೂ ನಾನು ಹೇಳುವುದಿಲ್ಲ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು 5 ಲಕ್ಷ 38 ಸಾವಿರ, ಶೇಕಡಾ 17.8. ಒಂದು ಶತಮಾನದ ಇಳಿತ ನಿಧಾನವಾಯಿತು, ಅಷ್ಟು ಹೇಳಬಹುದು. ಅದರಲ್ಲಿ ಶಾಲೆಗಳ ಪಾಲೇ ದೊಡ್ಡದು.

ಈಗ ನಮ್ಮ ಕಡೆಯ ಕತೆ. ಸಾಂಡರ್ಸ್ ಲೂಯಿಸ್ ಉಪನ್ಯಾಸ ಮಾಡಿದ ಅದೇ 1960ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ಸಿನಿಮಾಗಳ ವಿರುದ್ಧ ಬೀದಿಗಿಳಿದರು. ಅವರ ಸಿಟ್ಟಿಗೆ ಕಾರಣವಿತ್ತು. ಮದರಾಸಿನಲ್ಲಿ ತಯಾರಾದ ತಮಿಳು, ತೆಲುಗು ಚಿತ್ರಗಳು ಕನ್ನಡದ ಮಾತು ಹೊದ್ದು ಬರುತ್ತಿದ್ದವು, ಕನ್ನಡದ ಕಲಾವಿದರಿಗೆ ಕೆಲಸವಿರಲಿಲ್ಲ. ಡಬ್ಬಿಂಗ್ ನಿಂತಿತು. ಕನ್ನಡ ಚಿತ್ರೋದ್ಯಮ ಬೆಳೆಯಿತು. ಆದರೆ ಬರಹದಲ್ಲಿಲ್ಲದ ಆ ಕಟ್ಟಳೆ ಟೀವಿಗೂ ಹಬ್ಬಿ, ಕಾರಣ ಮುಗಿದ ಮೇಲೂ ಉಳಿದುಕೊಂಡಿತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ನೋಡಿದರು, ಆಮೇಲೆ ಹಿಂದಿಯಲ್ಲಿ ನೋಡಿದರು. ಗಡಿಯಾಚೆಯ ಪುಟಾಣಿಗಳಿಗೆ ತಮಿಳು, ತೆಲುಗಿನಲ್ಲೂ ಸಿಕ್ಕಿತು. ಕನ್ನಡಕ್ಕೆ ಮಕ್ಕಳದೇ ಚಾನೆಲ್ ಚಿಂಟು ಬಂದದ್ದು 2009ರಲ್ಲಿ. ಕಾರ್ಟೂನ್ ಹುಡುಗಿ ಡೋರಾ ಕನ್ನಡ ಮಾತಾಡಿದ್ದನ್ನು ಕೇಳಿ ಹಿಗ್ಗಿದ ಮನೆಗಳು ಎಷ್ಟೋ. ನನ್ನಂಥವರಿಗೆ ಅನ್ನ ಹುಟ್ಟಿತು. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನುಬಾಹಿರ ಎಂದು ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಟೆಲಿವಿಷನ್ ಸಂಘಟನೆಗಳಿಗೆ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದು ಮನೆಮನೆಯಲ್ಲಿ ಓಡಿತು. ಜಗಳ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಂತೆ.

ಜಗಳದ ಎರಡೂ ಕಡೆಯವರ ಮಾತು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಬೇಡ ಎನ್ನುವವರು, ಬೇಕು ಎನ್ನುವವರು, ಇಬ್ಬರೂ ಮಾತಾಡುತ್ತಿದ್ದದ್ದು ಪರರ ಚಿತ್ರದ ಬಗ್ಗೆ. ನಮ್ಮದೇ ಕಾರ್ಟೂನ್ ಯಾರು ಮಾಡುತ್ತಾರೆ, ದುಡ್ಡು ಯಾರದು ಎಂದು ಕೇಳಿದವರು ಕಡಿಮೆ. ನಾನು ಡಬ್ಬಿಂಗ್ ಬೇಕೆನ್ನುವವಳು. ಮಗುವಿಗೆ ಜಗತ್ತಿನ ಒಳ್ಳೆಯ ಕತೆ ತನ್ನ ಮಾತಿನಲ್ಲಿ ಸಿಗಬೇಕು. ಆದರೆ ಡಬ್ ಆದ ಪಾತ್ರ ಎಷ್ಟು ಚಂದ ಮಾತಾಡಿದರೂ ಅದರ ಮನೆ, ಊಟ, ಹಬ್ಬ, ತಮಾಷೆ ಬೇರೆಡೆಯದೇ. ಒಂದು ಸಲ ಚಿತ್ರದಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನು ಹೆಸರು ಹಿಡಿದು ಗದರುವ ಕಡೆ "ಏನೋ ಮಾರಾಯ" ಎಂದು ಬರೆದೆ. ಕೆಲಸ ಕೊಟ್ಟವರು ಅದು ಪ್ರಾದೇಶಿಕವಾಯಿತು ಎಂದು ಹೊಡೆದುಹಾಕಿದರು. ಎಲ್ಲೆಡೆ ಸಲ್ಲುವ, ಯಾರ ಮನೆಯದೂ ಅಲ್ಲದ ಕನ್ನಡವೇ ಅವರಿಗೆ ಬೇಕು. ಚಿತ್ರದ ಒಡೆತನ ನಮ್ಮದಲ್ಲದಿದ್ದಾಗ ಮಾತಿನ ಒಡೆತನವೂ ನಮ್ಮದಲ್ಲ.

ನಮ್ಮದೇ ಕಾರ್ಟೂನ್ ಮಾಡಲು ಕಲಿತ ಕೈ ಇಲ್ಲವೇ ಎಂದರೆ ಇದೆ. 2012ರಲ್ಲೇ ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಹೊರದೇಶದ ಸರಣಿಗಳಿಗೆ ಚಿತ್ರ ಓಡಿಸಿದ್ದಾರೆ. 2025ರ ಆರಂಭದಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಕಂಪನಿ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋ ಕೂಡ ಬಾಗಿಲು ಹಾಕಿತು. ಕಲಿತ ಕೈಗಳು ಇಲ್ಲೇ ಉಳಿದವು, ಪಾತ್ರಗಳು ಯಾವುವೂ ಇಲ್ಲಿನವಲ್ಲ.

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. 5 ಲಕ್ಷ ಜನರ ಭಾಷೆ ಮಾಡಿಕೊಂಡದ್ದನ್ನು ಇಷ್ಟು ಜನರ ಭಾಷೆ ಮಾಡಿಕೊಳ್ಳದಿರುವುದಕ್ಕೆ ಮಾರುಕಟ್ಟೆ ಚಿಕ್ಕದು ಎಂಬ ನೆಪ ಸಲ್ಲದು. ವೇಲ್ಸಿನಲ್ಲಿ ಆದದ್ದು ಇಷ್ಟೇ: ಜನ ಚಾನೆಲ್ ಕೇಳಿ ಪಡೆದರು, ಚಾನೆಲ್ ಮಕ್ಕಳ ಹೆಸರಿನಲ್ಲಿ ಹಣ ತೆಗೆದಿಟ್ಟಿತು, ಆ ಹಣ ಊರಿನ ಸ್ಟುಡಿಯೋಗೆ ಹೋಯಿತು. ನಮ್ಮಲ್ಲಿ ರಾಜ್ಯ ಸರ್ಕಾರ ಸಿನಿಮಾಗಳಿಗೆ ಸಹಾಯಧನ ಕೊಡುತ್ತದೆ. ಅದರಲ್ಲಿ ಒಂದು ಪಾಲನ್ನು ಕನ್ನಡದಲ್ಲೇ ಹುಟ್ಟುವ, ಹಕ್ಕು ಇಲ್ಲೇ ಉಳಿಯುವ ಒಂದು ಅನಿಮೇಷನ್ ಸರಣಿಗೆ ಮೀಸಲಿಡಲಿ. ದೂರದರ್ಶನದ ಚಂದನ ವಾಹಿನಿ ಅದಕ್ಕೆ ಸಂಜೆಯ ಹೊತ್ತು ಕೊಡಲಿ. ಕನ್ನಡ ಸಂಘಟನೆಗಳು ಬೋರ್ಡಿನ ಅಕ್ಷರಕ್ಕೆ ಹೋರಾಡುವ ಹುರುಪಿನಲ್ಲಿ ಅರ್ಧವನ್ನು ಈ ಬೇಡಿಕೆಗೆ ಎತ್ತಿಡಲಿ. ಹಿಂದಿಗೋ ಇಂಗ್ಲಿಷಿಗೋ ಅದನ್ನು ಡಬ್ ಮಾಡುವ ಕೆಲಸ ಆಮೇಲೆ ಯಾರಿಗಾದರೂ ಸಿಗಲಿ.